ಫೆರಿಸ್ ವೀಲ್ ನಿಜಕ್ಕೂ ಫೆರಿಸ್‌ದಾ?

ಸಾಗರದ ಸುರೇಶ
ಮೊನ್ನೆ ನಮ್ಮ ಬಡಾವಣೆಯ ರಸಪ್ರಶ್ನೆಯಲ್ಲಿ ಜೈಂಟ್ ವೀಲ್ ಕಂಡುಹಿಡಿದವರು ಯಾರು ಅಂತ ಕೇಳಿದರು. ಉತ್ತರ ಜಾರ್ಜ್ ಫೆರಿಸ್ ಅಂತೆ. ನಾನು ವಿಲಿಯಂ ಸೋಮರ್ಸ್ ಅಂದೆ. ಅಂಕ ಕೊಡಲಿಲ್ಲ. ಅಂಕ ಹೋಗಲಿ, ನನ್ನ ವಾದ ಇಲ್ಲಿಡುತ್ತೇನೆ.

ಸೋಮರ್ಸ್ 1892ರಲ್ಲೇ ಅಮೆರಿಕದ ಮೂರು ಕಡಲತೀರದ ಊರುಗಳಲ್ಲಿ ಚಕ್ರ ನಿಲ್ಲಿಸಿದ್ದ. ಅಟ್ಲಾಂಟಿಕ್ ಸಿಟಿ, ಆಸ್ಬರಿ ಪಾರ್ಕ್, ಕೋನಿ ಐಲ್ಯಾಂಡ್. ಒಂದೊಂದೂ 50 ಅಡಿ, ಮರದ್ದು. 1893ರ ಜನವರಿ 10ರಂದು ಪೇಟೆಂಟೂ ಸಿಕ್ಕಿತು. ಫೆರಿಸ್‌ನ ಚಕ್ರ ಶಿಕಾಗೋದಲ್ಲಿ ತಿರುಗಿದ್ದು ಅದೇ ವರ್ಷದ ಜೂನ್‌ನಲ್ಲಿ. ಫೆರಿಸ್ ಅದಕ್ಕೆ ಮೊದಲು ಅಟ್ಲಾಂಟಿಕ್ ಸಿಟಿಗೆ ಹೋಗಿ ಸೋಮರ್ಸ್‌ನ ಚಕ್ರದಲ್ಲಿ ಕೂತು ಬಂದಿದ್ದ ಅಂತಲೂ ಹೇಳುತ್ತಾರೆ. ನೋಡಿ ಬಂದು, ದೊಡ್ಡದಾಗಿ ಕಟ್ಟಿ, ಹೆಸರು ಹೊಡೆದುಕೊಂಡ. ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ನಾನು ಹೇಳಬೇಕಾ?

ಸೇತುವೆ ಎಂಜಿನಿಯರ್
ಸುರೇಶ್ ಅವರೇ, "ದೊಡ್ಡದಾಗಿ ಕಟ್ಟಿ" ಅಂತ ಎಷ್ಟು ಸಲೀಸಾಗಿ ಬರೆದಿರಿ! ಇಡೀ ಕಥೆ ಇರುವುದೇ ಆ ಎರಡು ಪದಗಳಲ್ಲಿ.

50 ಅಡಿ ಮರದ ಚಕ್ರವನ್ನು ಒಳ್ಳೆ ಬಡಗಿ ಕಟ್ಟುತ್ತಾನೆ. ಫೆರಿಸ್‌ನ ಚಕ್ರದ ಅಡ್ಡಳತೆ 250 ಅಡಿ, ನೆಲದಿಂದ ತುದಿಗೆ 264 ಅಡಿ. 36 ಡಬ್ಬಿ. ಒಂದು ಡಬ್ಬಿಗೆ 60 ಜನ. ಎಲ್ಲ ತುಂಬಿದರೆ 2160 ಜನ ಗಾಳಿಯಲ್ಲಿ. ಮರದ ಅಳತೆಯನ್ನೇ ಐದು ಪಟ್ಟು ಮಾಡಿದರೆ ಇದು ಬರುವುದಿಲ್ಲ. ಉದ್ದ ಐದು ಪಟ್ಟಾದರೆ ತೂಕ ಐದು ಪಟ್ಟಲ್ಲ, ನೂರು ಪಟ್ಟಿಗೂ ಜಾಸ್ತಿ ಆಗುತ್ತದೆ. ತೊಲೆ ತನ್ನ ಭಾರಕ್ಕೇ ಬಾಗುತ್ತದೆ.

ಅವನು ಮಾಡಿದ್ದೇನು? ದಪ್ಪ ತೊಲೆಗಳನ್ನೇ ಬಿಟ್ಟ. ನಡುವಿನ ಅಚ್ಚಿನಿಂದ ಅಂಚಿಗೆ ಎರಡೂವರೆ ಇಂಚು ದಪ್ಪದ ಉಕ್ಕಿನ ಸರಳು ಕಟ್ಟಿದ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಅವು ಎಳೆತಕ್ಕೆ ಮಾತ್ರ ಕೆಲಸ ಮಾಡುತ್ತವೆ, ಒತ್ತಿದರೆ ಬಾಗಿಹೋಗುತ್ತವೆ. ಕೆಳಗಿನ ಅರ್ಧ ಚಕ್ರ ಅಚ್ಚಿಗೆ ನೇತಾಡುತ್ತದೆ. ಮೇಲಿನ ಅರ್ಧ ಆ ಕೆಳಗಿನ ಅರ್ಧದ ಮೇಲೆ ನಿಲ್ಲುತ್ತದೆ. ಆಗಿನ ಎಂಜಿನಿಯರ್‌ಗಳೇ ಇದನ್ನು ನಂಬಲಿಲ್ಲ. ಇಷ್ಟು ಸಣ್ಣ ಸರಳು ತಡೆಯುವುದಿಲ್ಲ ಅಂದರು.

ಅಚ್ಚಿನ ಕಥೆ ಬೇರೆ. 45 ಅಡಿ ಉದ್ದ, ಸುಮಾರು 40 ಟನ್ ತೂಕ. ಬೆತ್ಲೆಹೆಮ್ ಐರನ್ ಕಂಪನಿಯವರು ಒಂದೇ ತುಂಡಾಗಿ ಬಡಿದು ಮಾಡಿದ್ದು. ಅದನ್ನು 140 ಅಡಿ ಎತ್ತರದ ಗೋಪುರಗಳ ಮೇಲೆ ಕೂರಿಸಬೇಕಿತ್ತು. ಇದನ್ನು ಕದ್ದು ತಂದದ್ದು ಅನ್ನುವವರು ಯಾವ ಕಡಲತೀರದಿಂದ ಅಂತಲೂ ಹೇಳಲಿ.

ಸುಮ್ನೆ ಕೇಳ್ದೆ
ಅಷ್ಟೊಂದು ದೊಡ್ಡದು ಯಾಕೆ ಬೇಕಿತ್ತು ಮಾರಾಯರೇ? 50 ಅಡಿಯಲ್ಲೇ ನನಗೆ ತಲೆ ಸುತ್ತುತ್ತದೆ.

ಇಲಿನಾಯ್ಸ್ ಇಂದಿರಾ
ಹಠಕ್ಕೆ! 1889ರಲ್ಲಿ ಪ್ಯಾರಿಸ್‌ನವರು ಐಫೆಲ್ ಗೋಪುರ ಎತ್ತಿದ್ದರು. 1893ರ ಶಿಕಾಗೋ ಮೇಳದ ನಿರ್ಮಾಣದ ಹೊಣೆ ಡೇನಿಯಲ್ ಬರ್ನ್‌ಹ್ಯಾಮ್‌ದು. ಐಫೆಲ್ ಅನ್ನು ಮೀರಿಸುವಂಥದ್ದು ಏನಾದರೂ ಕೊಡಿ ಅಂತ ಅವನು ಅಮೆರಿಕದ ಎಂಜಿನಿಯರ್‌ಗಳನ್ನು ಕೆಣಕಿದ. ಬಂದ ಸಲಹೆಗಳೆಲ್ಲ ಇನ್ನೊಂದು ಗೋಪುರ, ಮತ್ತೊಂದು ಗೋಪುರ. ಫೆರಿಸ್‌ಗೆ ಆಗ ಮೂವತ್ತಮೂರು. ಪಿಟ್ಸ್‌ಬರ್ಗ್‌ನಲ್ಲಿ ಸೇತುವೆಗಳ ಉಕ್ಕು ಪರೀಕ್ಷೆ ಮಾಡುವ ಕಂಪನಿ ನಡೆಸುತ್ತಿದ್ದ. ಎತ್ತರದಲ್ಲಿ ಅವನು ಐಫೆಲ್‌ನ ಹತ್ತಿರಕ್ಕೂ ಹೋಗಲಿಲ್ಲ. ಅದು 300 ಮೀಟರ್, ಇದು 80. ಆದರೆ ಅದು ನಿಂತೇ ಇತ್ತು, ಇದು ತಿರುಗುತ್ತಿತ್ತು.

ಬರ್ನ್‌ಹ್ಯಾಮ್‌ನೇ ಮೊದಲು ಇದು ತೀರಾ ಸಪೂರ, ಆಗದು ಅಂದಿದ್ದ. ಮೇಳದವರು ಅನುಮತಿ ಕೊಟ್ಟರು, ವಾಪಸ್ ತಗೊಂಡರು, ಮತ್ತೆ 1892ರ ಡಿಸೆಂಬರ್ 16ಕ್ಕೆ ಕೊಟ್ಟರು. ಮೇಳ ಶುರುವಾಗುವುದು ಮೇ 1ಕ್ಕೆ. ನಡುವೆ ಶಿಕಾಗೋದ ಚಳಿಗಾಲ. ನಾನು ಇಲ್ಲಿ ಇದ್ದು ಹೇಳುತ್ತಿದ್ದೇನೆ, ಜನವರಿಯಲ್ಲಿ ಇಲ್ಲಿ ಗುಂಡಿ ತೋಡುವುದು ಹುಡುಗಾಟ ಅಲ್ಲ. ನೆಲ ಮೂರಡಿ ಹೆಪ್ಪುಗಟ್ಟಿತ್ತು, ಅದರ ಕೆಳಗೆ ಕುಸಿಯುವ ಮರಳು. ಹಬೆ ಬಿಟ್ಟು ನೆಲ ಕರಗಿಸಿದರು. ಕಾಂಕ್ರೀಟ್ ಹಾಕಿದ ಮೇಲೂ ಹೆಪ್ಪುಗಟ್ಟದಂತೆ ಹಬೆ ಕೊಟ್ಟರು. ಅಷ್ಟಾಗಿಯೂ ಮೇ 1 ತಪ್ಪಿತು. ಜನರಿಗೆ ತೆರೆದದ್ದು ಜೂನ್ 21ಕ್ಕೆ.

ಜಾತ್ರೆ ಜಗ್ಗಣ್ಣ
ಇಬ್ಬರು ಅಮೆರಿಕದವರ ನಡುವೆ ನೀವು ಯಾಕೆ ಬಡಿದಾಡುತ್ತೀರಿ? ನಾನು ಶಿರಸಿಯವನು. ಮಾರಿಕಾಂಬಾ ಜಾತ್ರೆಯ ತೊಟ್ಟಿಲು ನೋಡುತ್ತಲೇ ಬೆಳೆದವನು. ಸೋಮರ್ಸೂ ಅಲ್ಲ, ಫೆರಿಸ್ಸೂ ಅಲ್ಲ. ಇದು ಜಾತ್ರೆಯವರ ಸ್ವತ್ತು.

ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ. ರಂಜಾನ್ ಹಬ್ಬ. ಬೀದಿಯಲ್ಲಿ ದೊಡ್ಡ ಚಕ್ರ ನಿಲ್ಲಿಸಿದ್ದರು. ಹತ್ತಿ ಕೂತ. ಅವನಿಗೆ ಭಾರೀ ಖುಷಿ. ಪಕ್ಕದಲ್ಲಿ ಕೂತ ಗ್ರೀಕನಿಗೆ ಮಾತ್ರ ತಡೆಯಲಾಗದೆ ಸಾಕು, ಸಾಕು ಅಂತ ಕೂಗಿಕೊಂಡನಂತೆ. 1620ರಲ್ಲಿ ಇಂಗ್ಲೆಂಡಿನ ಪೀಟರ್ ಮಂಡಿ ಈಗಿನ ಬಲ್ಗೇರಿಯಾದ ಪ್ಲೊವ್‌ಡಿವ್‌ನಲ್ಲಿ ಇನ್ನೊಂದು ಚಕ್ರ ನೋಡಿದ. ಚಕ್ರ ಮೇಲೆ ಕೆಳಗೆ ತಿರುಗಿದರೂ ಮಕ್ಕಳು ಯಾವಾಗಲೂ ನೆಟ್ಟಗೇ ಕೂತಿರುತ್ತಾರೆ ಅಂತ ಬೆರಗಿನಿಂದ ಬರೆದಿಟ್ಟ. ಸೋಮರ್ಸ್ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲಿನ ಮಾತಿದು. ಈಗ ಹೇಳಿ, ಯಾರು ಯಾರಿಂದ ಕದ್ದದ್ದು?

ಸಾಗರದ ಸುರೇಶ
ಜಗ್ಗಣ್ಣ, ಪೀಟರ್ ಮಂಡಿ ಅಂದಿರಾ? ಆ ಮನುಷ್ಯ ನಮ್ಮೂರ ಪಕ್ಕಕ್ಕೇ ಬಂದಿದ್ದ! 1637ರಲ್ಲಿ ಇಂಗ್ಲಿಷರ ಹಡಗು ಭಟ್ಕಳಕ್ಕೆ ಬಂದಾಗ ಅವನು ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನ ನೋಡಿದ. ನಾನು ಇಕ್ಕೇರಿಯ ವಿಷಯಕ್ಕೆ ಅವನನ್ನು ಓದಿದ್ದೆ. ತೊಟ್ಟಿಲ ವಿಷಯದಲ್ಲೂ ಅವನೇ ಸಾಕ್ಷಿಯಾಗುತ್ತಾನೆ ಅಂತ ಗೊತ್ತಿರಲಿಲ್ಲ.

ಆದರೂ ನನ್ನ ತಕರಾರು ಬೇರೆ. ಹಳೆ ಕಾಲದ್ದು ಯಾರದ್ದೂ ಅಲ್ಲ ಅಂತ ಬಿಡಿ. ಹೊಸ ಕಾಲದಲ್ಲಿ ಪೇಟೆಂಟ್ ಇದ್ದದ್ದು ಸೋಮರ್ಸ್‌ಗೆ. ಅವನು ಫೆರಿಸ್ ಮೇಲೆ ಕೇಸು ಹಾಕಿದ್ದು ಸುಳ್ಳಾ?

ಧಾರವಾಡ ವಕೀಲ
ಸುಳ್ಳಲ್ಲ ಬಿಡ್ರಿ. ಕೇಸು ಹಾಕಿದ್ದು ನಿಜ. ವಜಾ ಆದದ್ದೂ ನಿಜ. ನೀವು ಎರಡನೆಯದನ್ನು ಹೇಳಲೇ ಇಲ್ಲ.

ಫೆರಿಸ್ ಕಡೆಯವರ ವಾದ ಇಷ್ಟು. ನಮ್ಮ ಚಕ್ರ ಬೇರೆ, ಅದರ ತಂತ್ರ ಬೇರೆ, ಸೋಮರ್ಸ್‌ನ ಮರದ ಚಕ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಗೆದ್ದಿತು. ಪೇಟೆಂಟ್ ಅನ್ನುವುದು "ತಿರುಗುವ ಚಕ್ರದಲ್ಲಿ ಜನರನ್ನು ಕೂರಿಸುವುದು" ಅನ್ನುವ ವಿಚಾರಕ್ಕೆ ಸಿಗುವುದಿಲ್ಲ. ಜಗ್ಗಣ್ಣ ಹೇಳಿದ ಹಾಗೆ ಅದು ಆಗಲೇ ಜಗತ್ತಿಗೆ ಗೊತ್ತಿದ್ದ ವಿಚಾರ. ಗೊತ್ತಿದ್ದದ್ದಕ್ಕೆ ಪೇಟೆಂಟ್ ಇಲ್ಲ. ನೀವು ಅದನ್ನು ಹೇಗೆ ಜೋಡಿಸಿದಿರಿ, ಯಾವ ರೀತಿ ತಿರುಗಿಸಿದಿರಿ, ಆ ಹೊಸ ಭಾಗಕ್ಕೆ ಮಾತ್ರ ಸಿಗುತ್ತದೆ. ಸೋಮರ್ಸ್‌ಗೆ ಸಿಕ್ಕಿದ್ದು ಅವನ ಜೋಡಣೆಗೆ.

ಇನ್ನೊಂದು ಸಣ್ಣ ಮಾತು. ತಾರೀಖು ನೋಡ್ರಿ. ಫೆರಿಸ್‌ಗೆ ಮೇಳದವರ ಅನುಮತಿ ಸಿಕ್ಕಿದ್ದು ಡಿಸೆಂಬರ್ 16. ಸೋಮರ್ಸ್‌ಗೆ ಪೇಟೆಂಟ್ ಸಿಕ್ಕಿದ್ದು ಜನವರಿ 10. ಕಾನೂನಿನಲ್ಲಿ ಇದರಿಂದ ದೊಡ್ಡದೇನೂ ಸಾಬೀತಾಗುವುದಿಲ್ಲ. ಆದರೆ ಪೇಟೆಂಟ್ ಕಾಗದ ನೋಡಿ ನಕಲು ಮಾಡಿದ ಅನ್ನುವ ಕಥೆಗೆ ಮಾತ್ರ ಕಾಲು ಸಿಗುವುದಿಲ್ಲ.

ಸಾಗರದ ಸುರೇಶ
ಕಾಗದ ನೋಡಬೇಕಾಗಿಲ್ಲ ವಕೀಲರೇ, ಚಕ್ರ ಹತ್ತಿ ಕೂತರೆ ಸಾಕು. ಮತ್ತೆ ಕೋರ್ಟಿನಲ್ಲಿ ಗೆಲ್ಲುವುದಕ್ಕೂ ನ್ಯಾಯಕ್ಕೂ ಎಷ್ಟು ದೂರ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಕಡೆ ಲಕ್ಷಾಂತರ ಡಾಲರ್ ಹೂಡಿದ ಕಂಪನಿ. ಇನ್ನೊಂದು ಕಡೆ ಕಡಲತೀರದಲ್ಲಿ ಮರದ ಚಕ್ರ ಆಡಿಸುವವನು.

ಧಾರವಾಡ ವಕೀಲ
ಬಡವ ಸೋತ ಅಂದಮಾತ್ರಕ್ಕೆ ಬಡವನದೇ ಸರಿ ಅಂತ ಆಗುವುದಿಲ್ಲ. ಸೋಮರ್ಸ್‌ಗೆ ನಾನು ಕೊಡುವ ಗೌರವ ಬೇರೆ. ಅಮೆರಿಕದ ಕಡಲತೀರಕ್ಕೆ ಈ ಆಟವನ್ನು ತಂದು ಜನ ದುಡ್ಡು ಕೊಟ್ಟು ಹತ್ತುತ್ತಾರೆ ಅಂತ ತೋರಿಸಿದವರಲ್ಲಿ ಅವನು ದೊಡ್ಡವನು. ಅದನ್ನು ಕೊಡೋಣ. ಅದಕ್ಕಿಂತ ಹೆಚ್ಚಿನದನ್ನು ಕೇಳಬೇಡ್ರಿ.

ಸುಮ್ನೆ ಕೇಳ್ದೆ
ಫೆರಿಸ್‌ಗೆ ಎಷ್ಟು ದುಡ್ಡು ಬಂತು ಅಂತ ಯಾರಾದರೂ ಹೇಳಿ. ಟಿಕೆಟ್ ಎಷ್ಟಿತ್ತು?

ಇಲಿನಾಯ್ಸ್ ಇಂದಿರಾ
50 ಸೆಂಟ್. ಮೇಳದ ಒಳಗೆ ಬರುವುದಕ್ಕೂ 50 ಸೆಂಟ್, ಈ ಒಂದು ಚಕ್ರಕ್ಕೂ 50 ಸೆಂಟ್. ಎರಡು ಸುತ್ತು, ಹತ್ತಿರ ಹತ್ತಿರ 20 ನಿಮಿಷ. ಸುಮಾರು 14.5 ಲಕ್ಷ ಟಿಕೆಟ್ ಹೋಯಿತು, 7 ಲಕ್ಷ 26 ಸಾವಿರ ಡಾಲರ್ ಬಂತು. ಕಟ್ಟಲು ಹಿಡಿದದ್ದು 4 ಲಕ್ಷದ ಆಸುಪಾಸು.

ಕೇಳಿದರೆ ಲಾಟರಿ ಹೊಡೆದ ಅನಿಸುತ್ತದೆ ಅಲ್ವಾ? ಹಾಗಾಗಲಿಲ್ಲ. ಮೇಳದವರಿಗೆ ಪಾಲು ಕೊಡಬೇಕಿತ್ತು. ಆ ಪಾಲಿನ ಲೆಕ್ಕದಲ್ಲಿ ಜಗಳ ಹತ್ತಿ ಕೋರ್ಟಿಗೆ ಹೋಯಿತು. ಮೇಳ ಮುಗಿದ ಮೇಲೆ ಚಕ್ರವನ್ನು ಬಿಚ್ಚಿ ಶಿಕಾಗೋದಲ್ಲೇ ಲಿಂಕನ್ ಪಾರ್ಕ್ ಹತ್ತಿರ ಮತ್ತೆ ನಿಲ್ಲಿಸಿದರು. ಸುತ್ತ ಮನೆಗಳಿದ್ದವು. ನಮ್ಮ ಬೀದಿಯಲ್ಲಿ ಇದು ಬೇಡ ಅಂತ ನಿವಾಸಿಗಳು ಗಲಾಟೆ ಎಬ್ಬಿಸಿದರು. ಪಕ್ಕದಲ್ಲಿ ಬಿಯರ್ ಮಾರಲು ಲೈಸೆನ್ಸ್ ಸಿಗಲಿಲ್ಲ. ಮೇಳದ ಜನಸಂದಣಿ ಇಲ್ಲದ ಮೇಲೆ 2160 ಸೀಟು ಯಾರು ತುಂಬುತ್ತಾರೆ? ನಷ್ಟವೇ ನಷ್ಟ.

1896ರ ನವೆಂಬರ್ 22ರಂದು ಫೆರಿಸ್ ಪಿಟ್ಸ್‌ಬರ್ಗ್‌ನ ಆಸ್ಪತ್ರೆಯಲ್ಲಿ ಟೈಫಾಯ್ಡ್‌ನಿಂದ ಸತ್ತ. 37 ವರ್ಷ. ಕೈಯಲ್ಲಿ ದುಡ್ಡಿರಲಿಲ್ಲ. ಅವನ ಚಿತಾಭಸ್ಮ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದಿತ್ತು. ಖರ್ಚು ಬಾಕಿ ಇತ್ತು ಅಂತ ಬಿಟ್ಟುಕೊಟ್ಟಿರಲಿಲ್ಲ. ಸುರೇಶ್ ಅವರೇ, ಲಕ್ಷಾಂತರ ಡಾಲರ್‌ನ ಮನುಷ್ಯ ಅಂದಿರಲ್ಲ, ಇವನೇ ಆ ಮನುಷ್ಯ.

ಸಾಗರದ ಸುರೇಶ
ಸಾವಿನ ಕಥೆ ಕೇಳಿ ಬೇಸರವಾಯಿತು. ಆದರೆ ಇಂದಿರಾ ಮೇಡಂ, ಕಷ್ಟಪಟ್ಟು ಸತ್ತ ಅನ್ನುವುದು ವಾದಕ್ಕೆ ಉತ್ತರ ಅಲ್ಲ. ಇನ್ನೊಂದು ಕೇಳುತ್ತೇನೆ. ಎಂಜಿನಿಯರ್ ಸಾಹೇಬರು ಸರಳು, ಅಚ್ಚು, ಲೆಕ್ಕ ಅಂತ ಅಷ್ಟು ಹೇಳಿದರು. ಆ ಲೆಕ್ಕ ಹಾಕಿದ್ದು ಫೆರಿಸ್ಸಾ?

ಸೇತುವೆ ಎಂಜಿನಿಯರ್
ಒಳ್ಳೆ ಕಡೆಗೆ ಬಂದಿರಿ. ಅಲ್ಲ. ಒತ್ತಡ, ಎಳೆತ ಎಲ್ಲ ಲೆಕ್ಕ ಹಾಕಿದವನು ಅವನ ಪಾಲುದಾರ ವಿಲಿಯಂ ಗ್ರೋನೌ. ಇಂಥ ವಸ್ತುವಿಗೆ ಆಗ ಸಿದ್ಧ ಸೂತ್ರ ಇರಲಿಲ್ಲ. ಇದಕ್ಕೆ ಮೊದಲು ಯಾರೂ ಕಟ್ಟಿರಲಿಲ್ಲವಲ್ಲ. ಸ್ಥಳದಲ್ಲಿ ನಿಂತು ಕಟ್ಟಿಸಿದವನು ಲೂಥರ್ ರೈಸ್. ಮರಳು, ಹಬೆ, ಚಳಿ ಅಂತ ಇಂದಿರಾ ಹೇಳಿದ್ದೆಲ್ಲ ಅವನ ತಲೆಬೇನೆ. ಅಚ್ಚು ಬೆತ್ಲೆಹೆಮ್‌ನಿಂದ, ಬ್ರೇಕು ವೆಸ್ಟಿಂಗ್‌ಹೌಸ್‌ನಿಂದ, ಉಕ್ಕಿನ ಕೆಲಸದಲ್ಲಿ ಡೆಟ್ರಾಯಿಟ್ ಬ್ರಿಜ್ ಕಂಪನಿ. ಒಂದೇ ಕಾರ್ಖಾನೆಗೆ ಅಷ್ಟು ಬೇಗ ಎಲ್ಲವನ್ನೂ ಮಾಡಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಹಂಚಿ ಕೊಟ್ಟರು. ಬೇರೆ ಬೇರೆ ಊರಿನಿಂದ ರೈಲಿನಲ್ಲಿ ಬಂದ ತುಂಡುಗಳು ಸ್ಥಳದಲ್ಲಿ ಸರಿಯಾಗಿ ಕೂತವು. ನನಗೆ ಅದೇ ದೊಡ್ಡ ಅಚ್ಚರಿ. ಇವತ್ತೂ ಸೈಟಿಗೆ ಬಂದ ಗರ್ಡರ್‌ನ ರಂಧ್ರ ಹೊಂದದೆ ಮತ್ತೆ ಕೊರೆಯುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಆದರೂ ಜಗತ್ತೇ ಹುಚ್ಚು ಅಂದಾಗ ಹಣ ಒಟ್ಟುಮಾಡಿ, ಅನುಮತಿ ಕಿತ್ತುಕೊಂಡು, ಬಿದ್ದರೆ ನನ್ನ ತಲೆಗೆ ಅಂತ ನಿಂತವನು ಫೆರಿಸ್. ಆ ಜುಲೈನಲ್ಲಿ ಮೇಳಕ್ಕೆ ದೊಡ್ಡ ಬಿರುಗಾಳಿ ಬಡಿಯಿತು. ಚಕ್ರ ಅಲುಗಲಿಲ್ಲ.

ಸಾಗರದ ಸುರೇಶ
ನೋಡಿ, ಹೆಸರು ಹೊಡೆದುಕೊಂಡ ಅಂದಾಗ ನಾನು ಹೇಳಿದ್ದು ಇದನ್ನೇ. ಗ್ರೋನೌ ಹೆಸರು ಎಷ್ಟು ಜನರಿಗೆ ಗೊತ್ತು? ನೀವು ಎಂಜಿನಿಯರ್ ಆಗಿದ್ದೂ ನಾನು ಕೇಳುವವರೆಗೆ ಬಾಯಿ ಬಿಡಲಿಲ್ಲ.

ಸೇತುವೆ ಎಂಜಿನಿಯರ್
ಗ್ರೋನೌಗೆ ಮನ್ನಣೆ ಸಿಗಬೇಕು ಅನ್ನುವುದಾದರೆ ನಾನೂ ಸಹಿ ಹಾಕುತ್ತೇನೆ. ಅದನ್ನು ಸೋಮರ್ಸ್ ಲೆಕ್ಕಕ್ಕೆ ಜಮಾ ಮಾಡಬೇಡಿ ಅಷ್ಟೇ.

ಇಲಿನಾಯ್ಸ್ ಇಂದಿರಾ
ನೀವೆಲ್ಲ ಒಂದು ಹೆಸರನ್ನು ಬಿಟ್ಟೇಬಿಟ್ಟಿರಿ. ನನ್ನ ಕೇಳಿದರೆ ಈ ಆಟವನ್ನು ಜಗತ್ತಿಗೆ ಕೊಟ್ಟದ್ದು ವಿಲಿಯಂ ಸಲಿವನ್. ನಾನು ಇರುವ ರಾಜ್ಯದವನೇ ಅಂತ ಪಕ್ಷಪಾತ ಇದೆ, ಇರಲಿ.

ಸಲಿವನ್ ಇಲಿನಾಯ್ಸ್‌ನ ರೂಡ್‌ಹೌಸ್ ಅನ್ನುವ ಸಣ್ಣ ಊರಿನಲ್ಲಿ ಸೇತುವೆ ಕಟ್ಟುತ್ತಿದ್ದವನು. 1893ರಲ್ಲಿ ಶಿಕಾಗೋಗೆ ಬಂದು ಫೆರಿಸ್‌ನ ಚಕ್ರ ಹತ್ತಿದ. ಅದು ತಲೆಯಿಂದ ಇಳಿಯಲೇ ಇಲ್ಲ. 1900ರ ಮೇ 23ರಂದು ಜಾಕ್ಸನ್‌ವಿಲ್‌ನ ಉದ್ಯಾನದಲ್ಲಿ ತನ್ನ ಮೊದಲ ಚಕ್ರ ತಿರುಗಿಸಿದ. ಅದಕ್ಕೆ ಬಿಗ್ ಎಲೈ ಅಂತ ಹೆಸರು. 45 ಅಡಿ ಎತ್ತರ ಅಷ್ಟೇ. 1906ರಲ್ಲಿ ಎಲೈ ಬ್ರಿಜ್ ಕಂಪನಿ ಶುರುವಾಯಿತು. 1919ರಲ್ಲಿ ಜಾಕ್ಸನ್‌ವಿಲ್‌ಗೆ ಬಂತು, ಇಂದಿಗೂ ಅಲ್ಲಿದೆ. ಸ್ಕ್ರಾಂಬ್ಲರ್ ಅನ್ನುವ ಗಿರಗಿರ ಆಟವೂ ಇದೇ ಕಂಪನಿಯದು.

ಸಲಿವನ್ ಬೇರೆ ಏನು ಮಾಡಿದ? ಬಿಚ್ಚಬಹುದಾದ, ಗಾಡಿಯಲ್ಲಿ ಸಾಗಿಸಬಹುದಾದ ಚಕ್ರ ಮಾಡಿದ. ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು. ಫೆರಿಸ್‌ನ ಚಕ್ರ ಜಾಗ ಬದಲಿಸಬೇಕೆಂದರೆ ಲಕ್ಷಗಟ್ಟಲೆ ಖರ್ಚು, ತಿಂಗಳುಗಟ್ಟಲೆ ಕೆಲಸ. ಅದು ಒಂದೇ ಒಂದು ಇತ್ತು. ಎಲೈ ಚಕ್ರವನ್ನು ಊರೂರು ಸುತ್ತುವ ಮೇಳದವನು ಕೊಂಡುಕೊಳ್ಳಬಹುದಿತ್ತು. ಅಮೆರಿಕದ ಹಳ್ಳಿ ಮಕ್ಕಳು ಹತ್ತಿದ್ದು ಫೆರಿಸ್‌ನ ಚಕ್ರ ಅಲ್ಲ, ಸಲಿವನ್‌ದು.

ಜಾತ್ರೆ ಜಗ್ಗಣ್ಣ
ಅಕ್ಕಾ, ಇದು ನನಗೆ ಇಷ್ಟ ಆಯ್ತು. ಬಿಚ್ಚಿ ಕಟ್ಟುವುದೇ ಜಾತ್ರೆ ತೊಟ್ಟಿಲ ಜೀವ. ನಮ್ಮಲ್ಲಿ ಜಾತ್ರೆ ಮುಗಿದ ಮೇಲೆ ಅವರು ಬಿಚ್ಚುವುದನ್ನು ನೋಡಿದ್ದೀರಾ? ಯಾವ ಪಿನ್ ಮೊದಲು, ಯಾವ ತೋಳು ಆಮೇಲೆ ಅಂತ ಕಾಗದ ಇಲ್ಲ, ನಕ್ಷೆ ಇಲ್ಲ. ಎಲ್ಲ ಕೈಗೆ ಗೊತ್ತು. ಲಾರಿಗೆ ಹೇರುವ ಕ್ರಮವೇ ಮುಂದಿನ ಊರಲ್ಲಿ ಕಟ್ಟುವ ಕ್ರಮದ ಉಲ್ಟಾ.

ಆದರೆ ನಮ್ಮ ತೊಟ್ಟಿಲು ಸಲಿವನ್‌ನಿಂದ ಬಂತು ಅಂತ ಮಾತ್ರ ಹೇಳಬೇಡಿ. ನಾಲ್ಕೇ ಪೆಟ್ಟಿಗೆಯ, ಕೈಯಲ್ಲಿ ತಳ್ಳುವ ಮರದ ತೊಟ್ಟಿಲು ನನ್ನ ಅಜ್ಜಿ ಹತ್ತಿದ್ದರು. ಅದನ್ನು ಮಾಡಿದವನು ಯಾವ ಅಮೆರಿಕವನ್ನೂ ನೋಡಿದವನಲ್ಲ. ಅವನಿಗೆ ಪೇಟೆಂಟೂ ಇಲ್ಲ, ಹೆಸರೂ ಇಲ್ಲ. ಗ್ರೋನೌ ಬಗ್ಗೆ ಅಷ್ಟು ಮರುಗಿದಿರಲ್ಲ, ಇವನ ಬಗ್ಗೆಯೂ ಸ್ವಲ್ಪ ಮರುಗಿ.

ಧಾರವಾಡ ವಕೀಲ
ಜಗ್ಗಣ್ಣ, ಮರದ ತೊಟ್ಟಿಲು ನಿಮ್ಮದು, ಒಪ್ಪಿದೆ. ಈಗ ಜಾತ್ರೆಯಲ್ಲಿ ನಿಲ್ಲುವ ಕಬ್ಬಿಣದ, ಮೋಟರಿನ ಜೈಂಟ್ ವೀಲ್ ಯಾರದ್ದು? ಅದರ ನಡುವಿನ ಅಚ್ಚು, ಎರಡು ಕಡೆ ಕಾಲು, ಬಿಚ್ಚುವ ತೋಳು ನೋಡಿದರೆ ಅಮೆರಿಕದ ಮೇಳಗಳ ಚಕ್ರದ ಅಣ್ಣತಮ್ಮ ಅಂತ ಗೊತ್ತಾಗುತ್ತದೆ. ಮೇಳದವರು ಒಬ್ಬರನ್ನು ನೋಡಿ ಒಬ್ಬರು ಮಾಡುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ.

ವಿಯೆನ್ನಾ ವಾಸಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಕಟ್ಟಿದವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಉಳಿಸಿಕೊಂಡವರ ಬಗ್ಗೆಯೂ ಒಂದು ಮಾತು ಇರಲಿ. ನಾನು ಇರುವ ಊರಿನಲ್ಲಿ 1897ರ ಚಕ್ರ ಇನ್ನೂ ತಿರುಗುತ್ತಿದೆ. ಪ್ರಾಟರ್ ಉದ್ಯಾನದ ರೀಸನ್‌ರಾಡ್. ಸುಮಾರು 65 ಮೀಟರ್ ಎತ್ತರ.

ಇದನ್ನು ಕಟ್ಟಿಸಿದವನು ವಾಲ್ಟರ್ ಬ್ಯಾಸೆಟ್. ಇಂಗ್ಲಿಷ್ ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಆಗಿದ್ದವನು. ಶಿಕಾಗೋ ಚಕ್ರದ ಗದ್ದಲ ಕೇಳಿ ಲಂಡನ್‌ನ ಅರ್ಲ್ಸ್ ಕೋರ್ಟ್‌ನಲ್ಲಿ 1895ರಲ್ಲಿ 94 ಮೀಟರ್‌ದು ನಿಲ್ಲಿಸಿದ. ಫೆರಿಸ್‌ನದಕ್ಕಿಂತ ಎತ್ತರ! ಮರುವರ್ಷ ಒಮ್ಮೆ ಅದು ಕೆಟ್ಟು ನಿಂತು ಜನ ನಾಲ್ಕೂವರೆ ಗಂಟೆ ಮೇಲೆಯೇ ಸಿಕ್ಕಿಕೊಂಡರು. ಕೆಳಗಿಳಿಸಿದ ಮೇಲೆ ತಲಾ 5 ಪೌಂಡ್ ಕೊಟ್ಟರು. ಆಗಿನ 5 ಪೌಂಡ್ ಸಣ್ಣ ದುಡ್ಡಲ್ಲ. ಆಮೇಲೆ ಬ್ಲ್ಯಾಕ್‌ಪೂಲ್, ವಿಯೆನ್ನಾ, ಪ್ಯಾರಿಸ್. ನಾಲ್ಕರಲ್ಲಿ ಉಳಿದದ್ದು ವಿಯೆನ್ನಾದ್ದು ಒಂದೇ.

ಅದೂ ಉಳಿದದ್ದು ಪ್ರೀತಿಯಿಂದ ಅಲ್ಲ. 1916ರಲ್ಲಿ ಕೆಡವಲು ಅನುಮತಿ ಆಗಿತ್ತು. ಕೆಡವುವುದಕ್ಕೆ ದುಡ್ಡಿರಲಿಲ್ಲ! ಮುಂದೆ ಎಡ್ವರ್ಡ್ ಸ್ಟೈನರ್ ಎಂಬ ವ್ಯಾಪಾರಿ ಕೆಡವಲೆಂದೇ ಕೊಂಡ, ಕೆಡವದೆ ನಡೆಸಿದ. ಅವನು ಯಹೂದಿ. ನಾಜಿಗಳು ಅವನಿಂದ ಚಕ್ರ ಕಿತ್ತುಕೊಂಡರು. 1944ರಲ್ಲಿ ಆಶ್ವಿಟ್ಸ್‌ನಲ್ಲಿ ಅವನನ್ನು ಕೊಂದರು. ಅದೇ ವರ್ಷ ಚಕ್ರವೂ ಬೆಂಕಿಗೆ ಸಿಕ್ಕಿತು. 1947ರಲ್ಲಿ ಮತ್ತೆ ತಿರುಗಿತು. ಮೊದಲು 30 ಡಬ್ಬಿ ಇದ್ದವು, ಆಮೇಲೆ 15 ಮಾತ್ರ ಹಾಕಿದರು. ಕೆಳಗೆ ನಿಂತು ನೋಡಿದರೆ ಒಂದು ಬಿಟ್ಟು ಒಂದು ಖಾಲಿ ಜಾಗ ಈಗಲೂ ಕಾಣುತ್ತದೆ.

ಸುಮ್ನೆ ಕೇಳ್ದೆ
ಬ್ಯಾಸೆಟ್ ಫೆರಿಸ್‌ಗೆ ದುಡ್ಡು ಕೊಟ್ಟನಾ? ಅಥವಾ ಅವನ ಮೇಲೂ ಕೇಸಾ?

ಧಾರವಾಡ ವಕೀಲ
ಅಮೆರಿಕದ ಪೇಟೆಂಟ್ ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ. ಲಂಡನ್‌ನಲ್ಲಿ ತಡೆಯಬೇಕೆಂದರೆ ಅಲ್ಲೂ ಅರ್ಜಿ ಹಾಕಿ ಪಡೆದಿರಬೇಕು. ಆಗ ಎಷ್ಟೋ ಯಂತ್ರಗಳು ಹೀಗೇ ಕಡಲು ದಾಟಿದವು.

ವಿಯೆನ್ನಾ ವಾಸಿ
ಬ್ಯಾಸೆಟ್‌ನ ಚಕ್ರಗಳ ವಿನ್ಯಾಸದಲ್ಲಿ ಕೆಲಸ ಮಾಡಿದ ಯುವಕ ಎಂಜಿನಿಯರ್ ಒಬ್ಬ ಇದ್ದ. ಹ್ಯೂಬರ್ಟ್ ಸೆಸಿಲ್ ಬೂತ್. ಮುಂದೆ 1901ರಲ್ಲಿ ಮೋಟರಿನಿಂದ ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರ್ ಮಾಡಿ ಹೆಸರಾದದ್ದು ಅವನೇ. ಮನೆ ಗುಡಿಸುವ ಯಂತ್ರಕ್ಕೆ ಅವನನ್ನು ನೆನೆಯುತ್ತಾರೆ, 65 ಮೀಟರ್ ಚಕ್ರಕ್ಕೆ ನೆನೆಯುವುದಿಲ್ಲ.

ಸಾಗರದ ಸುರೇಶ
ನೀವೆಲ್ಲ ಸೇರಿ ನನ್ನ ವಾದವನ್ನೇ ಗಟ್ಟಿ ಮಾಡುತ್ತಿದ್ದೀರಿ. ಸೋಮರ್ಸ್, ಗ್ರೋನೌ, ರೈಸ್, ಬೂತ್, ಶಿರಸಿಯ ಬಡಗಿ. ಪಟ್ಟಿ ಬೆಳೆಯುತ್ತಲೇ ಇದೆ, ಹಲಗೆ ಮೇಲೆ ಮಾತ್ರ ಒಂದೇ ಹೆಸರು.

ಸೇತುವೆ ಎಂಜಿನಿಯರ್
ನೀವು ಶುರುಮಾಡಿದ್ದು ಕಳ್ಳ ಅಂತ. ಈಗ ಹೇಳುತ್ತಿರುವುದು ಒಬ್ಬನೇ ಅಲ್ಲ ಅಂತ. ಎರಡನೆಯದಕ್ಕೆ ಇಲ್ಲಿ ಯಾರ ವಿರೋಧವೂ ಇಲ್ಲ. ಮೊದಲನೆಯದನ್ನು ವಾಪಸ್ ತಗೊಂಡಿರೋ ಇಲ್ಲವೋ?

ಸಾಗರದ ಸುರೇಶ
ಇಲ್ಲ! ಅಟ್ಲಾಂಟಿಕ್ ಸಿಟಿಯಲ್ಲಿ ಅವನು ಚಕ್ರ ಹತ್ತಿದ್ದು ನಿಜವಾದರೆ ಸೋಮರ್ಸ್‌ಗೆ ಒಂದು ಸಾಲಿನ ಕೃತಜ್ಞತೆ ಬಾಕಿ ಇದೆ. ಅದು ಕೋರ್ಟಿನ ಲೆಕ್ಕಕ್ಕೆ ಬರುವುದಿಲ್ಲ, ನನ್ನ ಲೆಕ್ಕಕ್ಕೆ ಬರುತ್ತದೆ.

ಜಾತ್ರೆ ಜಗ್ಗಣ್ಣ
ಎಂಜಿನಿಯರ್ ಸಾಹೇಬ್ರೇ, ಜಗಳ ಬಿಡಿ, ನನಗೊಂದು ಡೌಟು. ನಮ್ಮ ತೊಟ್ಟಿಲಲ್ಲಿ ಒಂದು ಕಡೆ ಮಾತ್ರ ಜನ ಕೂತರೆ ತಿರುಗುವುದಿಲ್ಲ, ಜಗ್ಗುತ್ತದೆ. ಅದಕ್ಕೇ ಆಡಿಸುವವನು ಒಂದು ಪೆಟ್ಟಿಗೆ ತುಂಬಿ, ಅರ್ಧ ತಿರುಗಿಸಿ, ಎದುರಿನದ್ದು ತುಂಬುತ್ತಾನೆ. ದಪ್ಪ ಜನರನ್ನು ಎದುರು ಬದುರು ಕೂರಿಸುತ್ತಾನೆ. 36 ಡಬ್ಬಿಗೆ ಹೀಗೆ ಮಾಡುತ್ತಾ ಕೂತರೆ ಸಂಜೆ ಆಗುವುದಿಲ್ಲವಾ?

ಸೇತುವೆ ಎಂಜಿನಿಯರ್
ಭಲೇ ಪ್ರಶ್ನೆ. ಅವರು ಕೆಳಗೆ ಆರು ವೇದಿಕೆ ಕಟ್ಟಿದ್ದರು, ಮೆಟ್ಟಿಲ ಹಾಗೆ ಬೇರೆ ಬೇರೆ ಎತ್ತರಕ್ಕೆ. ಒಂದೇ ಸಲಕ್ಕೆ ಆರು ಡಬ್ಬಿ ಖಾಲಿ, ಆರು ಭರ್ತಿ. ಆರು ಸಲ ನಿಂತರೆ 36 ಮುಗಿಯಿತು. ಮೊದಲ ಸುತ್ತಿನಲ್ಲಿ ಆ ಆರು ನಿಲುಗಡೆ. ಎರಡನೇ ಸುತ್ತು ನಿಲ್ಲದೆ, ಒಂಬತ್ತು ನಿಮಿಷ. ಜನ ಒಂದು ಕಡೆ ಜಾಸ್ತಿ ಆದರೂ ಚಕ್ರಕ್ಕೆ ಲೆಕ್ಕಕ್ಕಿಲ್ಲ. ಉಕ್ಕಿನ ತೂಕದ ಮುಂದೆ ಮನುಷ್ಯರ ತೂಕ ಏನೂ ಅಲ್ಲ. ಜೊತೆಗೆ ಅಂಚಿನ ಹಲ್ಲುಗಳಿಗೆ ಸರಪಳಿ ಹಾಕಿ ಎಳೆಯಲು 1000 ಅಶ್ವಶಕ್ತಿಯ ಹಬೆ ಎಂಜಿನ್. ಅದು ಕೈಕೊಟ್ಟರೆ ಅಂತ ಅಷ್ಟೇ ಶಕ್ತಿಯ ಇನ್ನೊಂದು ಪಕ್ಕದಲ್ಲಿ ತಯಾರು.

ಲಂಡನ್ ಐ ಈ ಗೊಂದಲವನ್ನೇ ತೆಗೆದುಹಾಕಿತು. 135 ಮೀಟರ್‌ನ ಚಕ್ರ, 32 ಡಬ್ಬಿ, ಎಷ್ಟು ನಿಧಾನ ಅಂದರೆ ಸಾಮಾನ್ಯವಾಗಿ ನಿಲ್ಲಿಸುವುದೇ ಇಲ್ಲ. ನಡೆಯುತ್ತಲೇ ಹತ್ತುತ್ತಾರೆ, ನಡೆಯುತ್ತಲೇ ಇಳಿಯುತ್ತಾರೆ. ದುಬೈಯದ್ದು 250 ಮೀಟರ್. ಎತ್ತರದ ಪೈಪೋಟಿ ನನಗೆ ಅಷ್ಟು ಹಿಡಿಸುವುದಿಲ್ಲ. ಬುದ್ಧಿ ಓಡಿಸಿದ್ದು ನೋಡಬೇಕೆಂದರೆ ಕೋನಿ ಐಲ್ಯಾಂಡ್‌ನ 1920ರ ವಂಡರ್ ವೀಲ್ ನೋಡಿ. 150 ಅಡಿ. 24 ಡಬ್ಬಿಗಳಲ್ಲಿ 16 ಒಂದೇ ಕಡೆ ಕೂರುವುದಿಲ್ಲ, ಚಕ್ರ ತಿರುಗಿದ ಹಾಗೆ ಹಳಿಯ ಮೇಲೆ ಒಳಗೆ ಹೊರಗೆ ಜಾರುತ್ತವೆ. ಚಾರ್ಲ್ಸ್ ಹರ್ಮನ್‌ನ ವಿನ್ಯಾಸ.

ಸುಮ್ನೆ ಕೇಳ್ದೆ
ನಾನು ಆ ಜಾರದ 8ರಲ್ಲಿ ಕೂರುತ್ತೇನೆ. ಹಾಗಾದರೆ ಫೆರಿಸ್‌ನ ಮೂಲ ಚಕ್ರ ಈಗ ಎಲ್ಲಿದೆ?

ಇಲಿನಾಯ್ಸ್ ಇಂದಿರಾ
ಎಲ್ಲೂ ಇಲ್ಲ. 1903ರಲ್ಲಿ ಹಳೆ ಕಟ್ಟಡ ಒಡೆಯುವ ಕಂಪನಿಯೊಂದಕ್ಕೆ 1800 ಡಾಲರ್‌ಗೆ ಮಾರಿದರು. ಹೌದು, ಹದಿನೆಂಟು ನೂರು. ಅವರು ಅದನ್ನು 1904ರ ಸೇಂಟ್ ಲೂಯಿಸ್ ಮೇಳಕ್ಕೆ ಒಯ್ದು ಮತ್ತೆ ನಿಲ್ಲಿಸಿ ದುಡಿಸಿದರು. ಮೇಳ ಮುಗಿದ ಮೇಲೆ ಸುಮ್ಮನೆ ನಿಂತಿತ್ತು. 1906ರ ಮೇ 11ರಂದು ಡೈನಮೈಟ್ ಇಟ್ಟು ಉರುಳಿಸಿದರು. 40 ಟನ್‌ನ ಅಚ್ಚನ್ನು ಸಾಗಿಸಲಾಗದೆ ಅಲ್ಲೇ ಪಾರ್ಕಿನಲ್ಲಿ ಹೂತರು ಅಂತ ಸೇಂಟ್ ಲೂಯಿಸ್‌ನಲ್ಲಿ ಒಂದು ಕಥೆ ಇದೆ. ಈಗಲೂ ಹುಡುಕುವವರು ಇದ್ದಾರೆ.

ಜಾತ್ರೆ ಜಗ್ಗಣ್ಣ
ಅಕ್ಕಾ, ಈ ಕಥೆ ನಂಬಬೇಡಿ. ಅಚ್ಚು ತರುವಾಗ ರೈಲಲ್ಲಿ ತಂದರು, ಶಿಕಾಗೋದಿಂದ ಸೇಂಟ್ ಲೂಯಿಸ್‌ಗೂ ಒಯ್ದರು. ಮಾರುವಾಗ ಮಾತ್ರ ಸಾಗಿಸಲು ಆಗಲಿಲ್ಲವಂತಾ? 40 ಟನ್ ಒಳ್ಳೆ ಉಕ್ಕನ್ನು ಮಣ್ಣಿಗೆ ಹಾಕುವ ಗುಜರಿಯವನನ್ನು ನಾನಂತೂ ಕಂಡಿಲ್ಲ.